ಹಳೆ ಕಂಪ್ಯೂಟರಿಗೆ ಮರುಜೀವ: ಕರಾವಳಿಯ ಮನೆಗೆ ಯಾವುದು ಒಗ್ಗುತ್ತದೆ?

ಹಳೆ ಕಂಪ್ಯೂಟರ್ ಮಾರುವ ಅಂಗಡಿಯಲ್ಲಿ ಡಬ್ಬದ ಮೇಲೆ ಇಂಟೆಲ್ ಪ್ರೊಸೆಸರಿನ ‘ಕೋರ್ ಐ5’ ಎಂಬ ಸ್ಟಿಕ್ಕರ್ ಕಂಡ ಕೂಡಲೇ ಮರುಳಾಗಬೇಡಿ. 2011ರ ಯಂತ್ರದಲ್ಲೂ ಐ5 ಉಂಟು, 2018ರದ್ದರಲ್ಲೂ ಉಂಟು. ಎರಡಕ್ಕೂ ಅಜ್ಜ-ಮೊಮ್ಮಗನ ಅಂತರ. ನೋಡಬೇಕಾದ್ದು ಅದರ ಮುಂದಿನ ಸಂಖ್ಯೆ. ಐ5-3470 ಎಂದರೆ ಮೂರನೇ ತಲೆಮಾರು, ಐ5-4590 ನಾಲ್ಕನೆಯದು, ಐ5-6500 ಆರನೆಯದು, ಐ5-8400 ಅಥವಾ ಲ್ಯಾಪ್‌ಟಾಪಿನ ಐ5-8250ಯು ಎಂಟನೆಯದು. ಐ5-650, ಐ3-540 ಎಂದು ಮೂರೇ ಅಂಕಿ ಇದ್ದರೆ ಅದು ಮೊದಲ ತಲೆಮಾರು, 2010ರ ಆಸುಪಾಸಿನದು. ಸ್ಟಿಕ್ಕರ್ ಹರಿದಿದ್ದರೆ ಅಂಗಡಿಯವರ ಮಾತು ಬೇಡ, ಬಯಾಸ್ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ತೆರೆದು ಓದಿ. ಯಂತ್ರ ಆನ್ ಮಾಡಿದ ಕೂಡಲೇ ಒತ್ತಬೇಕಾದ ಕೀಲಿ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡಿನಲ್ಲಿ ಎಫ್1.

ಇನ್ನು ಮನೆಮಂದಿಗೆ ಬೇಕಾದ್ದು ಎಂತ ಎಂದು ಲೆಕ್ಕ ಹಾಕಿ. ಅಜ್ಜನಿಗೆ ಯೂಟ್ಯೂಬಿನಲ್ಲಿ ಯಕ್ಷಗಾನ, ಅಮ್ಮನಿಗೆ ದುಬೈಯಲ್ಲಿರುವ ಮಗನೊಟ್ಟಿಗೆ ವಿಡಿಯೊ ಕರೆ, ಮಕ್ಕಳಿಗೆ ಶಾಲೆಯ ಪ್ರಾಜೆಕ್ಟ್, ತಿಂಗಳಿಗೊಮ್ಮೆ ಮೆಸ್ಕಾಂ ಬಿಲ್ಲು, ಆಗೊಮ್ಮೆ ಈಗೊಮ್ಮೆ ಜಾಗದ ಆರ್‌ಟಿಸಿ. ಇವಿಷ್ಟೂ ನಡೆಯುವುದು ಬ್ರೌಸರಿನೊಳಗೆ. ಹಾಗಾಗಿ ಯಂತ್ರ ಎಷ್ಟು ಚುರುಕು ಎಂಬುದಕ್ಕಿಂತ, ಅದರಲ್ಲಿ ಓಡುವ ಬ್ರೌಸರಿಗೆ ಇನ್ನೆಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ ಎಂಬುದೇ ದೊಡ್ಡ ಪ್ರಶ್ನೆ. ವಿಂಡೋಸ್ 7 ಹಾಕಿದ ಯಂತ್ರ ಇವತ್ತಿಗೂ ಚಂದ ಓಡೀತು. ಆದರೆ ಅದರ ಮೇಲೆ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, ಅದು 2023ರ ಜನವರಿಯದ್ದು. ಅದರಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವುದೆಂದರೆ ಕಪಾಟಿಗೆ ಬೀಗ ಹಾಕಿ ಮನೆಯ ಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದ ಹಾಗೆ.

ಯಾವ ತಲೆಮಾರು ಸಾಕು

ಪೆಂಟಿಯಮ್ 4, 32 ಬಿಟ್‌ನ ಆಟಮ್ ನೆಟ್‌ಬುಕ್: ಪುಕ್ಕಟೆ ಕೊಟ್ಟರೂ ಬೇಡ. ವಿಂಡೋಸಿನ ಬದಲು ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸಿಗೆ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು. ಫೈರ್‌ಫಾಕ್ಸ್ ಕೂಡ 2025ರ ಕೊನೆಗೆ ಕೈಬಿಟ್ಟಿತು, 144ನೆಯದೇ ಕೊನೆ. ಆಂಟಿಎಕ್ಸ್‌ನಂಥ ಹಗುರ ಲಿನಕ್ಸ್ ಹಾಕಿ ಯಂತ್ರವನ್ನು ಎಬ್ಬಿಸಿ ಕೂರಿಸಬಹುದು, ಆದರೆ ಎದ್ದು ಕೂತದ್ದಕ್ಕೆ ಮನೆಯಲ್ಲಿ ಕೆಲಸ ಇರುವುದಿಲ್ಲ.

ಕೋರ್ 2 ಡುಯೊ: ನೆಂಟರ ಮನೆಯಿಂದ ಹಾಗೇ ಬಂದರೆ ಇರಲಿ, ದುಡ್ಡು ಕೊಟ್ಟು ತರಬೇಡಿ. 64 ಬಿಟ್ ಆದ್ದರಿಂದ ಇಂದಿನ ಲಿನಕ್ಸ್ ಏರುತ್ತದೆ. 4 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗವಿಲ್ಲದ ಚುರುಕು ಡಿಸ್ಕ್) ಹಾಕಿದರೆ ಬಿಲ್ಲು ಕಟ್ಟುವುದಕ್ಕೆ, ಮೇಲ್ ನೋಡುವುದಕ್ಕೆ, ಅರ್ಜಿ ತುಂಬುವುದಕ್ಕೆ ತೊಂದರೆ ಇಲ್ಲ. ವಿಡಿಯೊ ಕರೆ ಶುರುವಾದರೆ ಮಾತ್ರ ಫ್ಯಾನಿನ ಸದ್ದು ಮಗನ ದನಿಗಿಂತ ಜೋರು.

ಎರಡರಿಂದ ನಾಲ್ಕನೇ ತಲೆಮಾರು, ಅಂದರೆ 2011ರಿಂದ 2014ರವರೆಗಿನ ಸರಕು: ಡೆಲ್ ಆಪ್ಟಿಪ್ಲೆಕ್ಸ್ 7010, 3020, 9020, ಥಿಂಕ್‌ಪ್ಯಾಡ್ ಟಿ430, ಲ್ಯಾಟಿಟ್ಯೂಡ್ ಇ6430 ಎಲ್ಲ ಈ ಸಾಲಿನವು. ಮನೆಯ ಇಂಟರ್ನೆಟ್‌ಗೆ ಧಾರಾಳ. ಒಂದು ಕಡೆ ಮಾತ್ರ ಇವು ಎಡವುತ್ತವೆ. ಯೂಟ್ಯೂಬ್ ಈಗ ವಿಡಿಯೊ ಕಳಿಸುವುದು ಹೆಚ್ಚಾಗಿ ವಿಪಿ9 ಅಥವಾ ಎವಿ1 ಎಂಬ ಕುಗ್ಗಿಸಿದ ರೂಪದಲ್ಲಿ. ಈ ಯಂತ್ರಗಳ ಗ್ರಾಫಿಕ್ಸಿಗೆ ಎಚ್.264 ಎಂಬ ಹಳೆ ರೂಪ ಬಿಡಿಸುವುದು ಗೊತ್ತು, ಆ ಎರಡು ಗೊತ್ತಿಲ್ಲ. ಹಾಗಾಗಿ ಪೂರ್ತಿ ಭಾರ ಪ್ರೊಸೆಸರಿನ ಹೆಗಲಿಗೆ. ಚೆಂಡೆಯ ಪೆಟ್ಟು ಕೇಳಿ ಅರೆಗಳಿಗೆ ಬಿಟ್ಟು ವೇಷಧಾರಿಯ ಹೆಜ್ಜೆ ಕಾಣುತ್ತದಲ್ಲ, ಆ ತೊಡಕಿಗೆ ಇಂಟರ್ನೆಟ್ ಕಂಪನಿಯನ್ನು ಬೈಯುವುದುಂಟು. ಕಾರಣ ಇದು. ಬ್ರೌಸರಿಗೆ ‘ಎಚ್264ಇಫೈ’ ಎಂಬ ಎಕ್ಸ್‌ಟೆನ್ಶನ್ ಹಾಕಿ, ಗುಣಮಟ್ಟ 720ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಏಳನೇ ತಲೆಮಾರಿನಿಂದ ವಿಪಿ9 ಗ್ರಾಫಿಕ್ಸಿನಲ್ಲೇ ಬಿಡಿಸಿಕೊಳ್ಳುತ್ತದೆ, ಅಲ್ಲಿ ಈ ಚಿಂತೆ ಕಡಿಮೆ.

ಆರನೇ, ಏಳನೇ ತಲೆಮಾರು: ಸದ್ಯಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಇದೇ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಹಾಗಾಗಿ ಏನೂ ಹಾಳಾಗದ ಆರು-ಏಳನೇ ತಲೆಮಾರಿನ ಯಂತ್ರಗಳು ಕಚೇರಿಗಳಿಗೆ ಬೇಡವಾಗಿವೆ. ಕಚೇರಿಗೆ ಬೇಡವಾದದ್ದು ಮನೆಗೂ ಬೇಡವಾಗಬೇಕೆಂದಿಲ್ಲ.

ಎಂಟನೆಯದು ಬೇಕಾಗುವುದು ವಿಂಡೋಸ್ ಬಿಟ್ಟರೆ ಆಗುವುದೇ ಇಲ್ಲ ಎನ್ನುವವರಿಗೆ. ಇನ್ನು ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಇ1, ಇ2 ಸ್ಟಿಕ್ಕರಿನ ಲ್ಯಾಪ್‌ಟಾಪುಗಳು ಹೊರಗಿಂದ ಹೊಸತರ ಹಾಗೆ ಹೊಳೆಯುತ್ತವೆ. ಒಳಗೆ ಕೋರ್ 2 ಡುಯೊಗಿಂತ ದೊಡ್ಡ ಸಾಮರ್ಥ್ಯವೇನೂ ಇಲ್ಲ, ಮುಟ್ಟಬೇಡಿ.

ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ

ಘಟ್ಟದ ಮೇಲಿನವರಿಗೂ ನಮಗೂ ಇಲ್ಲಿ ಲೆಕ್ಕ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಹೆಬ್ರಿ, ಕಾರ್ಕಳ ಕಡೆಯ ಹಳ್ಳಿಗಳಿಗೆ ಹೊಸತಲ್ಲ. ಒಂದು ಗಂಟೆ ಬ್ಯಾಟರಿ ಬರುವ ಲ್ಯಾಪ್‌ಟಾಪಿದ್ದರೆ ಆನ್‌ಲೈನ್ ಅರ್ಜಿ ಅರ್ಧದಲ್ಲಿ ಕೈಕೊಡುವುದಿಲ್ಲ. ಡೆಸ್ಕ್‌ಟಾಪಿಗಾದರೆ ಯುಪಿಎಸ್ ಬೇಕೇ ಬೇಕು. ಸಾಮಾನ್ಯ 600 ವಿಎ ಯುಪಿಎಸ್ಸಿನ ಒಳಗೆ ಇರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ. ಹತ್ತು-ಹದಿನೈದು ನಿಮಿಷ ಸಿಕ್ಕೀತು, ಎರಡು-ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಈ ಖರ್ಚನ್ನು ಡೆಸ್ಕ್‌ಟಾಪಿನ ಬೆಲೆಗೆ ಕೂಡಿಸಿಯೇ ಹೋಲಿಸಿ, ಅಗ್ಗ ಎಂದದ್ದು ಅಷ್ಟೇನೂ ಅಗ್ಗವಲ್ಲ ಎಂದು ಆಗ ಕಾಣುತ್ತದೆ.

ವಿದ್ಯುತ್ತಿನ ಲೆಕ್ಕ: ಡೆಸ್ಕ್‌ಟಾಪ್ ಮತ್ತು ಎಲ್‌ಇಡಿ ಮಾನಿಟರ್ ಸೇರಿ ಸುಮಾರು 60 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 9 ಯೂನಿಟ್. 20 ವ್ಯಾಟಿನ ಲ್ಯಾಪ್‌ಟಾಪಿಗೆ 3 ಯೂನಿಟ್. ಇದಕ್ಕಾಗಿ ನಿರ್ಧಾರ ಬದಲಿಸುವಷ್ಟೇನಿಲ್ಲ.

ಡೆಸ್ಕ್‌ಟಾಪಿನ ಪರವಾಗಿ ಒಂದು ಗಟ್ಟಿ ಮಾತು: ಬಿಚ್ಚಿ ಒರೆಸಿ ಮತ್ತೆ ಜೋಡಿಸಬಹುದು. ಉಪ್ಪುಗಾಳಿಯ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಮಕ್ಕಳು ಒಂದೇ ಕಡೆ, ಎಲ್ಲರ ಕಣ್ಣೆದುರು, ಚಾವಡಿಯಲ್ಲಿ ಕೂತು ನೋಡಲಿ ಎನ್ನುವ ಮನೆಗೂ ಅದೇ ಸರಿ. ಆದರೆ ಬ್ರಾಂಡೆಡ್ ಡಬ್ಬಗಳಲ್ಲಿ ಒಂದು ಸಿಕ್ಕು ಉಂಟು. ಆಪ್ಟಿಪ್ಲೆಕ್ಸ್ 3020, 9020ರ ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆ ಕರೆಂಟು ಕೊಡುವ ಪೆಟ್ಟಿಗೆ) ಮದರ್‌ಬೋರ್ಡಿಗೆ ಹೋಗುವುದು 8 ಪಿನ್ನಿನ ಕನೆಕ್ಟರ್. ಅಂಗಡಿಯ ಸಾಮಾನ್ಯ 24 ಪಿನ್ನಿನದು ನೇರ ಕೂರುವುದಿಲ್ಲ, ನಡುವೆ ಅಡಾಪ್ಟರ್ ಕೇಬಲ್ ಬೇಕು. 7010ರಲ್ಲಿ 24 ಪಿನ್ನೇ. ಸಿಡಿಲಿಗೆ ಮೊದಲು ಸಾಯುವುದು ಎಸ್‌ಎಂಪಿಎಸ್ ಆದ್ದರಿಂದ ಕೊಳ್ಳುವ ದಿನವೇ ಇದನ್ನು ನೋಡಿಟ್ಟುಕೊಳ್ಳಬೇಕು.

ನಮ್ಮ ಮತ: ಮಂಗಳೂರು ಪೇಟೆಯಲ್ಲಿ, ಒಳ್ಳೆಯ ಅರ್ಥಿಂಗ್ ಇರುವ ಫ್ಲಾಟಿನಲ್ಲಿ ಡೆಸ್ಕ್‌ಟಾಪ್. ಕರೆಂಟು ಹೋಗಿಬರುವ ಹಳ್ಳಿಮನೆಗೆ ಆರನೇ ತಲೆಮಾರಿನ ಲ್ಯಾಪ್‌ಟಾಪ್.

ಕೊಳ್ಳುವಾಗ ಹತ್ತು ನಿಮಿಷ

ಹಿಂದಿನ ಯುಎಸ್‌ಬಿ ಕಿಂಡಿಯ ಲೋಹ, ಸ್ಕ್ರೂಗಳ ತಲೆ ನೋಡಿ. ಎಸಿ ಕಚೇರಿಯಿಂದ ಬಂದದ್ದು ಬೆಳ್ಳಿಯ ಹಾಗೆಯೇ ಇರುತ್ತದೆ. ಮಲ್ಪೆಯಲ್ಲೋ ಉಳ್ಳಾಲದಲ್ಲೋ ಕಡಲ ಬದಿಯ ಕೋಣೆಯಲ್ಲಿ ನಾಲ್ಕು ಮಳೆಗಾಲ ಕಳೆದದ್ದರಲ್ಲಿ ಕಂದು ತುಕ್ಕು ಕೂತಿರುತ್ತದೆ. ಹೊರಗೆ ಅಷ್ಟಿದ್ದರೆ ಒಳಗೆ ಇನ್ನಷ್ಟು. ಬೇರೆಯದು ನೋಡಿ.

ಬಯಾಸ್ ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಕಚೇರಿಯ ಲ್ಯಾಪ್‌ಟಾಪುಗಳಲ್ಲಿ ಈ ಪಾಸ್‌ವರ್ಡ್ ಬ್ಯಾಟರಿ ಕಿತ್ತರೂ ಹೋಗುವುದಿಲ್ಲ. ‘ಮತ್ತೆ ತೆಗೆದುಕೊಡುತ್ತೇವೆ’ ಎಂದರೆ ತೆಗೆದ ಮೇಲೆ ಬಂದು ದುಡ್ಡು ಕೊಡುತ್ತೇವೆ ಎನ್ನಿ.

ಮಿಂಟ್ ಎಂಬ ಬಗೆಯ ಲಿನಕ್ಸ್ ತುಂಬಿದ 8 ಜಿಬಿ ಪೆನ್‌ಡ್ರೈವ್ ಒಂದನ್ನು ಕಿಸೆಯಲ್ಲಿಟ್ಟುಕೊಂಡು ಹೋದರೆ ಅರ್ಧ ಪರೀಕ್ಷೆ ಮುಗಿದ ಹಾಗೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಿ ವೈಫೈ, ಸ್ಪೀಕರ್, ಕ್ಯಾಮರಾ, ಕೀಬೋರ್ಡಿನ ಪ್ರತಿ ಕೀಲಿ, ನಾಲ್ಕೂ ಯುಎಸ್‌ಬಿ ಕಿಂಡಿ ನೋಡಬಹುದು. ಅದರಲ್ಲೇ ‘ಡಿಸ್ಕ್ಸ್’ ಎಂಬ ಸಲಕರಣೆಯಲ್ಲಿ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಬರೆದಿಟ್ಟ ಲೆಕ್ಕ) ತೆರೆದರೆ ಹಾರ್ಡ್ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂದು ಕಾಣುತ್ತದೆ. ಡಿಸ್ಕಿನಲ್ಲಿ ಕೆಟ್ಟ ಜಾಗಗಳನ್ನು ಎಣಿಸುವ ‘ರೀಅಲೊಕೇಟೆಡ್’, ‘ಪೆಂಡಿಂಗ್’ ಎಂಬ ಎರಡು ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಆ ಡಿಸ್ಕಿನ ಬೆಲೆ ಸೊನ್ನೆ ಎಂದೇ ಹಿಡಿದು ಚೌಕಾಸಿ ಮಾಡಿ. ಲ್ಯಾಪ್‌ಟಾಪಾದರೆ ‘ಪವರ್ ಸ್ಟ್ಯಾಟಿಸ್ಟಿಕ್ಸ್’ನಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ, ಈಗಿನದು ಎರಡೂ ಇರುತ್ತವೆ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಕೂಡಿಸಿಕೊಳ್ಳಿ.

ದುಡ್ಡು ಮೊದಲು ಎಲ್ಲಿಗೆ

ಎಸ್‌ಎಸ್‌ಡಿಗೆ. ರ‍್ಯಾಮ್ ಆಮೇಲೆ. ಪ್ರೊಸೆಸರ್ ಬದಲಿಸುವ ಮಾತೇ ಬೇಡ.

ಹಳೆ ಹಾರ್ಡ್ ಡಿಸ್ಕಿನಲ್ಲಿ ಓದುವ ಸೂಜಿ ತಟ್ಟೆಯ ಮೇಲೆ ಅತ್ತಿತ್ತ ಓಡಬೇಕು. ಸೆಕೆಂಡಿಗೆ ಹೆಚ್ಚೆಂದರೆ ನೂರಿನ್ನೂರು ಸಲ. ಎಸ್‌ಎಸ್‌ಡಿ ಅಷ್ಟೇ ಹೊತ್ತಿನಲ್ಲಿ ಹತ್ತಾರು ಸಾವಿರ ಕಡೆಯಿಂದ ಓದುತ್ತದೆ. ಬ್ರೌಸರ್ ತೆರೆಯುವಾಗ ಬೇಕಾದ್ದು ಇಂಥ ಸಾವಿರಾರು ಚಿಲ್ಲರೆ ಓದು. ಕಂಪ್ಯೂಟರ್ ನಿಧಾನ ಎಂದು ಬೈಸಿಕೊಳ್ಳುವ ಹತ್ತು ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಕಾಯಿಲೆ ಇದೊಂದೇ. ಹಳೆ ಮದರ್‌ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಸಾಟಾ 2 ಕಿಂಡಿಗೂ ಹಾಕಬಹುದು. ಡಬ್ಬದ ಮೇಲೆ ಬರೆದ 500 ಎಂಬಿ ವೇಗ ಸಿಗಲಿಕ್ಕಿಲ್ಲ, ಅದು ಗೊತ್ತಾಗುವುದೂ ಇಲ್ಲ.

240 ಅಥವಾ 256 ಜಿಬಿ ಸಾಕು. ಕೊಳ್ಳಬೇಕಾದ್ದು 2.5 ಇಂಚಿನ ಸಾಟಾ. ಬಿಲ್ಲು, ವಾರಂಟಿ ಇಲ್ಲದ ಹೆಸರಿಲ್ಲದವು ಬೇಡ. ಎಂ.2 ಪಟ್ಟಿಯಂಥದ್ದನ್ನು ಯಾರಾದರೂ ಕೊಟ್ಟರೆ ತಡೆಯಿರಿ. ಹಳೆ ಲ್ಯಾಪ್‌ಟಾಪಿನಲ್ಲಿ ಅಂಥ ಕಿಂಡಿ ಕಂಡರೂ ಅದು ಸಿಮ್ ಮೋಡೆಮ್‌ಗೆ ಇಟ್ಟದ್ದಿರಬಹುದು, ಇಲ್ಲವೇ ಸಾಟಾ ಬಗೆ ಮಾತ್ರ ಒಪ್ಪುವುದಿರಬಹುದು. ಡೆಸ್ಕ್‌ಟಾಪಿನಲ್ಲಿ 3.5 ಇಂಚಿನ ಜಾಗಕ್ಕೆ ಬ್ರಾಕೆಟ್ ಸಿಗದಿದ್ದರೆ ಎರಡು ಬದಿ ಅಂಟುವ ಟೇಪ್ ಹಚ್ಚಿ ಡಬ್ಬದ ಒಳಗೋಡೆಗೆ ಅಂಟಿಸಿದರೂ ಆಯ್ತು, ತಿರುಗುವ ಭಾಗ ಒಳಗೆ ಏನೂ ಇಲ್ಲ. ಲ್ಯಾಪ್‌ಟಾಪಿನಲ್ಲಿ 9.5 ಮಿಲಿಮೀಟರಿನ ಜಾಗಕ್ಕೆ 7 ಮಿಲಿಮೀಟರಿನದು ಸಡಿಲವಾಗುತ್ತದೆ. ಎಸ್‌ಎಸ್‌ಡಿಯೊಟ್ಟಿಗೆ ಬರುವ ಪ್ಲಾಸ್ಟಿಕ್ ಚೌಕಟ್ಟು ಅದಕ್ಕೇ, ಬಿಸಾಡಬೇಡಿ.

ರ‍್ಯಾಮ್ 4 ಜಿಬಿ ಇದ್ದರೆ ಒಬ್ಬರು ನಾಲ್ಕು ಟ್ಯಾಬ್ ತೆರೆದು ಕೂರುವುದಕ್ಕೆ ಸರಿ. ಮನೆಮಂದಿಗೆಲ್ಲ 8 ಜಿಬಿ ಬೇಕು, ಅದಕ್ಕೂ ಹೆಚ್ಚು ಬೇಡ. ಒಂದೇ 8ಕ್ಕಿಂತ 4ರ ಎರಡು ಹಾಕಿದರೆ ಗ್ರಾಫಿಕ್ಸಿಗೆ ಉಪಕಾರ, ಏಕೆಂದರೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಬಳಸುವುದು ಅದೇ ರ‍್ಯಾಮನ್ನು. ತಪ್ಪಾಗುವುದು ಕೊಳ್ಳುವಾಗ. ಡೆಸ್ಕ್‌ಟಾಪಿನ ಡಿಡಿಆರ್3 ಬಗೆಯ ಸ್ಟಿಕ್ಕಿಗೆ 240 ಪಿನ್, ಲ್ಯಾಪ್‌ಟಾಪಿನದ್ದಕ್ಕೆ 204. ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ಆಗಬೇಕು, 1.5 ವೋಲ್ಟಿನದು ಹಾಕಿದರೆ ಪರದೆ ಬೆಳಗುವುದೇ ಇಲ್ಲ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೆಲವು ಸ್ಟಿಕ್ಕುಗಳು ಎಎಂಡಿ ಬೋರ್ಡಿನಲ್ಲಿ ಮಾತ್ರ ನಡೆಯುವಂಥವು. ವಿವರದ ಕೆಳತುದಿಯಲ್ಲಿ ಸಣ್ಣಕ್ಷರದಲ್ಲಿ ಅದನ್ನು ಬರೆದಿರುತ್ತಾರೆ. ಹಳೆಯದನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ ಅದೇ ಬಗೆಯದ್ದು ಕೇಳುವುದು ಎಲ್ಲಕ್ಕಿಂತ ಕ್ಷೇಮ.

ಮೂರನೆಯದು ಚಿಲ್ಲರೆ ಖರ್ಚು, ಆದರೆ ಬಿಡುವ ಹಾಗಿಲ್ಲ: ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಬಟನ್ ಬ್ಯಾಟರಿ. ಇದು ಸತ್ತ ಯಂತ್ರ ಪ್ರತಿ ಬಾರಿ ಕರೆಂಟು ಹೋದಾಗ ತಾರೀಕು ಮರೆತು ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಿದರೆ ಬ್ಯಾಂಕು, ಮೇಲ್, ಯೂಟ್ಯೂಬ್ ಯಾವ ಜಾಲತಾಣ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮನೆಯವರು ವೈರಸ್ ಎಂದು ಹೆದರಿ ಕಂಪ್ಯೂಟರನ್ನು ಮೂಲೆಗೆ ತಳ್ಳುತ್ತಾರೆ. ಬಟನ್ ಬ್ಯಾಟರಿ ಸತ್ತರೆ ಬಯಾಸಿನ ಸೆಟ್ಟಿಂಗ್ ಕೂಡ ಮೂಲಕ್ಕೆ ಮರಳುತ್ತದೆ. ಡಿಸ್ಕನ್ನು ಓದುವ ಬಗೆ ಹೇಳುವ ಸಾಟಾ ಮೋಡ್ ‘ಎಎಚ್‌ಸಿಐ’ಯಿಂದ ‘ರೇಡ್’ಗೆ ಜಿಗಿದು ನಿನ್ನೆಯವರೆಗೆ ಏಳುತ್ತಿದ್ದ ವಿಂಡೋಸ್ ಇವತ್ತು ಏಳುವುದಿಲ್ಲ. ಬ್ಯಾಟರಿ ಬದಲಿಸಿ, ತಾರೀಕು ಸರಿಮಾಡಿ, ಎಎಚ್‌ಸಿಐಗೆ ತಂದಿಡಿ.

ಡಬ್ಬ ತೆರೆದದ್ದೇ ಆದರೆ, ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟನ್ನೂ ಹೊಸತು ಹಚ್ಚಿಬಿಡಿ. ಯಂತ್ರವನ್ನು ಐದು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ, ಬಂದ್ ಮಾಡಿ ಪ್ಲಗ್ ಕಿತ್ತು, ಹೀಟ್‌ಸಿಂಕನ್ನು ಸ್ವಲ್ಪ ತಿರುವಿ ಎತ್ತಿ. ತಣ್ಣಗಿರುವಾಗ ನೇರ ಎಳೆದರೆ ಎಎಂಡಿ ಡೆಸ್ಕ್‌ಟಾಪಿನ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಕೊಂಡು ಮೇಲೆ ಬಂದುಬಿಡುತ್ತದೆ, ಪಿನ್ ಬಾಗುತ್ತದೆ. ಒಣಗಿದ ಹಳೆ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸತು ಡೆಸ್ಕ್‌ಟಾಪಿಗೆ ಅಲಸಂಡೆ ಕಾಳಿನಷ್ಟು, ಲ್ಯಾಪ್‌ಟಾಪಿಗೆ ಅಕ್ಕಿಕಾಳಿನಷ್ಟು. ಫ್ಯಾನಿಗೆ ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಿರ್ರೆಂದು ತಿರುಗಿದರೆ ಬೇರಿಂಗ್ ಹೋಗುತ್ತದೆ.

ವಿಂಡೋಸ್, ಲಿನಕ್ಸ್, ಕ್ರೋಮ್‌ಒಎಸ್ ಫ್ಲೆಕ್ಸ್

ವಿಂಡೋಸ್ 10ರಲ್ಲೇ ಮುಂದುವರಿಯುವುದಾದರೆ ಮನೆ ಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಉಂಟು, 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಇಲ್ಲದೆಯೂ ಸೇರಬಹುದು. ಇದು ಉಸಿರೆಳೆದುಕೊಳ್ಳಲು ಸಿಕ್ಕ ಬಿಡುವು ಅಷ್ಟೇ. ಇವತ್ತು ಹೊಸದಾಗಿ ಯಂತ್ರ ಕೊಳ್ಳುವವರು ಇದನ್ನು ನೆಚ್ಚಬಾರದು.

ಹಳೆ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಊರೂರಲ್ಲಿ ಇದ್ದಾರೆ. ರೂಫಸ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್ ಮಾಡಿದರೆ ಟಿಪಿಎಂ ಪರೀಕ್ಷೆ ದಾಟುತ್ತದೆ, ನಿಜ. ಆದರೆ ಇಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತಮ್ಮದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಯಾಗಿದೆ. ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ ತಾನಾಗಿ ಬರುವುದಿಲ್ಲ, ಮತ್ತೆ ಪೆನ್‌ಡ್ರೈವ್ ಹಿಡಿದು ಕೂರಬೇಕು. ಕೋರ್ 2 ಡುಯೊದಲ್ಲಂತೂ 24ಎಚ್2 ಆವೃತ್ತಿ ಏಳುವುದೇ ಇಲ್ಲ, ಅದಕ್ಕೆ ಬೇಕಾದ ಸೂಚನೆಗಳು ಆ ಪ್ರೊಸೆಸರಿನಲ್ಲಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್ ಬಗ್ಗೆ ಒಂದೇ ಮಾತು: ಆಕ್ಟಿವೇಟರ್ ಓಡಿಸಲು ಆಂಟಿವೈರಸ್ ಬಂದ್ ಮಾಡಿ ಎಂದು ಹೇಳುತ್ತಾರಲ್ಲ, ಅಲ್ಲಿಗೇ ತಿಳಿಯಬೇಕು.

ಲಿನಕ್ಸ್ ಮಿಂಟ್ 22ರ ಸಾಲು 2029ರವರೆಗೆ ಅಪ್‌ಡೇಟ್ ಪಡೆಯುತ್ತದೆ. 4 ಜಿಬಿಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿಗೆ ಸಿನಮನ್. ಕೆಳಗಿನ ಎಡಮೂಲೆಯಲ್ಲಿ ಮೆನು, ಪಕ್ಕದಲ್ಲಿ ಬ್ರೌಸರ್. ವಿಂಡೋಸ್ 7 ಬಳಸಿದವರಿಗೆ ಕೈ ತಾನಾಗಿ ಹೋಗುತ್ತದೆ. ಬೂಟ್ ಮೆನುವಿಗೆ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಇನ್‌ಸ್ಟಾಲ್ ಮಾಡುವಾಗ ‘ಮಲ್ಟಿಮೀಡಿಯಾ ಕೋಡೆಕ್’ ಎಂಬ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ. ಮರೆತರೆ ಮೊಬೈಲಿನಿಂದ ತಂದ ಮದುವೆಯ ವಿಡಿಯೊ ಓಡದೆ ಕೂರಬಹುದು. ಎಸ್‌ಎಸ್‌ಡಿ ಇದ್ದರೆ ಅರ್ಧ ಗಂಟೆಯ ಕೆಲಸ.

ಎಲ್ಲಿ ಕಾಡುತ್ತದೆ? ಮೊದಲು ವೈಫೈ. ಕೆಲವು ಡೆಲ್, ಎಚ್‌ಪಿ ಲ್ಯಾಪ್‌ಟಾಪುಗಳಲ್ಲಿ ಬ್ರಾಡ್‌ಕಾಮ್ ಚಿಪ್ ಇದ್ದು ಇನ್‌ಸ್ಟಾಲ್ ಆದ ಕೂಡಲೇ ವೈಫೈ ಕಾಣುವುದಿಲ್ಲ. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ‘ಡ್ರೈವರ್ ಮ್ಯಾನೇಜರ್’ ತೆರೆದರೆ ಗಂಟು ಬಿಚ್ಚುತ್ತದೆ. ಥಿಂಕ್‌ಪ್ಯಾಡ್ ಟಿ430ಯಲ್ಲಿ ವೈಫೈ ಕಾರ್ಡನ್ನೇ ಬದಲಿಸುತ್ತೇವೆ ಎಂದು ಹೊರಡಬೇಡಿ, ತನ್ನ ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಬಯಾಸ್ ಮುಂದೆ ಹೋಗಲು ಬಿಡುವುದಿಲ್ಲ.

ಆಮೇಲೆ ಪ್ರಿಂಟರ್. ಮನೆಮನೆಯಲ್ಲಿರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ಶುದ್ಧ ತಲೆನೋವು. ಎಚ್‌ಪಿ ಲೇಸರ್‌ಜೆಟ್ 1020 ಎಚ್‌ಪಿಯ ಪ್ಲಗಿನ್ ಇಳಿಸಿಕೊಂಡ ಮೇಲೆ ನಡೆಯುತ್ತದೆ. ವೈಫೈ ಇರುವ ಈಚಿನ ಪ್ರಿಂಟರುಗಳಲ್ಲಿ ಹೆಚ್ಚಿನವು ಡ್ರೈವರ್ ಕೇಳದೆ ನಡೆಯುತ್ತವೆ. ಮನೆಯಲ್ಲಿ ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಟ್ಟುಕೊಂಡವರು, ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿ ರಾಶಿ ಕಡತ ಇರುವವರು ಇದ್ದರೆ ತರ್ಕ ಬೇಡ, ಎಂಟನೇ ತಲೆಮಾರಿನ ಯಂತ್ರ, ವಿಂಡೋಸ್ 11.

ಹೊಸದಾಗಿ ಕನ್ನಡ ಟೈಪ್ ಮಾಡುವುದಕ್ಕೆ ಮಿಂಟಿನಲ್ಲಿ ಕೊರತೆ ಇಲ್ಲ. ‘ಇನ್‌ಪುಟ್ ಮೆಥಡ್’ ತೆರೆದು ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಕೆಜಿಪಿ ಎಂಬ ಹೆಸರಿನಲ್ಲಿ ನುಡಿಯದ್ದೇ ಕೀಲಿಮಣೆ ಸಿಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವವರಿಗೆ ಐಟ್ರಾನ್ಸ್. ಒಮ್ಮೆ ಲಾಗೌಟ್ ಆಗಿ ಬಂದ ಮೇಲೆಯೇ ಅದು ಕಾಣುವುದು. ಆಗಲಿಲ್ಲ ಎಂದು ಅಲ್ಲೇ ಬಿಟ್ಟವರು ಬಹಳ.

ಕ್ರೋಮ್‌ಒಎಸ್ ಫ್ಲೆಕ್ಸ್ ಎಂದರೆ ವಿಂಡೋಸಿನ ಬದಲು ಹಾಕುವ ಗೂಗಲ್‌ನ ವ್ಯವಸ್ಥೆ, ಹೆಚ್ಚಿನದೆಲ್ಲ ಕ್ರೋಮ್ ಬ್ರೌಸರಿನಲ್ಲೇ; ಅಜ್ಜ-ಅಜ್ಜಿ ಮಾತ್ರ ಇರುವ ಮನೆಗೆ ಹೇಳಿ ಮಾಡಿಸಿದ್ದು. 4 ಜಿಬಿ ರ‍್ಯಾಮ್, 16 ಜಿಬಿ ಜಾಗ, 2010ರ ನಂತರದ ಪ್ರೊಸೆಸರ್ ಸಾಕು. ತಾನಾಗಿ ಅಪ್‌ಡೇಟ್ ಆಗುತ್ತದೆ, ಕೆಡಿಸಲು ಒಳಗೆ ಏನೂ ಇಲ್ಲ. ಪ್ಲೇ ಸ್ಟೋರ್ ಇಲ್ಲ, ಮೊಬೈಲ್ ಆ್ಯಪ್ ಓಡುವುದಿಲ್ಲ, ಗೂಗಲ್ ಖಾತೆ ಇಲ್ಲದೆ ಅಷ್ಟೇನೂ ಉಪಯೋಗವಿಲ್ಲ, ಹಳೆ ಯುಎಸ್‌ಬಿ ಪ್ರಿಂಟರ್ ಮರೆತುಬಿಡಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕನ್ನು ಪೂರ್ತಿ ಅಳಿಸುತ್ತದೆ, ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಳ್ಳುವ ದಾರಿ ಇಲ್ಲ. ಶಾಲೆಗೆ ಹೋಗುವ ಮಕ್ಕಳಿದ್ದರೆ ಮಿಂಟ್ ವಾಸಿ, ಲಿಬ್ರೆಆಫೀಸ್ ಒಳಗೇ ಇರುತ್ತದೆ.

ಯಾವುದನ್ನೇ ಹಾಕಿ, ಮಕ್ಕಳಿಗೆ ಬೇರೆ ಖಾತೆ ಮಾಡಿ, ಅಡ್ಮಿನ್ ಅಧಿಕಾರ ಕೊಡಬೇಡಿ. ರೂಟರಿನ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಬರೆದರೆ ಕೊಳಕು ತಾಣ, ವೈರಸ್ ತಾಣಗಳಲ್ಲಿ ಬಹುಪಾಲು ಮನೆಯ ಹೊಸ್ತಿಲಲ್ಲೇ ನಿಲ್ಲುತ್ತವೆ. ಫೈರ್‌ಫಾಕ್ಸಿಗೆ ಯುಬ್ಲಾಕ್ ಒರಿಜಿನ್ ಎಂಬ ಎಕ್ಸ್‌ಟೆನ್ಶನ್ ಹಾಕಿದರೆ ಜಾಹೀರಾತು ಹೋಗುವುದರೊಟ್ಟಿಗೆ ರ‍್ಯಾಮಿನ ಹೊರೆಯೂ ಇಳಿಯುತ್ತದೆ. ಕ್ರೋಮಿನಲ್ಲಿ ಈಗ ಅದು ಮೊದಲಿನ ರೂಪದಲ್ಲಿ ನಡೆಯುವುದಿಲ್ಲ.

ಮಳೆ, ಸಿಡಿಲು, ಉಪ್ಪುಗಾಳಿ

ಜುಲೈಯಲ್ಲೊಂದು ದಿನ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಮದರ್‌ಬೋರ್ಡ್ ಹೋಯಿತು ಎಂದು ಯಾರಾದರೂ ಹೇಳುವ ಮೊದಲು ಇದನ್ನು ಮಾಡಿ. ಪ್ಲಗ್ ಕಿತ್ತು, ಪವರ್ ಬಟನನ್ನು ಹದಿನೈದು ಸೆಕೆಂಡು ಒತ್ತಿ ಹಿಡಿದು ಒಳಗುಳಿದ ಕರೆಂಟು ಇಳಿಸಿ. ರ‍್ಯಾಮ್ ಸ್ಟಿಕ್ ತೆಗೆದು ಬೆಳಕಿಗೆ ಹಿಡಿಯಿರಿ: ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಸಕಾದ ಪೊರೆಯೊಂದು ಕಾಣುತ್ತದೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ, ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಎರಡೂ ಕೊಕ್ಕೆ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಪೆನ್ನಿನ ಶಾಯಿ ಅಳಿಸುವ ಒರಟು ರಬ್ಬರ್ ಬೇಡ, ಲೇಪವೇ ಕಿತ್ತು ಬರುತ್ತದೆ. ನಮ್ಮ ಕಡೆಯ ಮಳೆಗಾಲದ ‘ಸತ್ತ’ ಕಂಪ್ಯೂಟರುಗಳಲ್ಲಿ ಎಷ್ಟೋ ಇಷ್ಟಕ್ಕೇ ಎದ್ದು ಕೂರುತ್ತವೆ.

ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಯಂತ್ರ ಓಡಲಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿ ಕಟ್ಟಿಡುವುದು ತೇವವನ್ನು ಒಳಗೇ ಕೂಡಿಹಾಕಿದ ಹಾಗೆ, ಹತ್ತಿಬಟ್ಟೆ ಸಾಕು. ಖಾಲಿ ಸ್ಲಾಟಿನ ಕಿಂಡಿಗಳನ್ನು ಮುಚ್ಚಿಡಿ, ಎಸ್‌ಎಂಪಿಎಸ್‌ನ ಬೆಚ್ಚಗೆಗೆ ಹಲ್ಲಿ ಬಂದು ಸುಟ್ಟುಕೊಂಡು ತಾನೂ ಸತ್ತು ಅದನ್ನೂ ಕೊಲ್ಲುತ್ತದೆ.

ಏಪ್ರಿಲ್-ಮೇಯ ಸಂಜೆ, ಮತ್ತೆ ಅಕ್ಟೋಬರಿನಲ್ಲಿ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಅದರೊಟ್ಟಿಗೆ ಲ್ಯಾನ್ ಕೇಬಲ್ ಕೂಡ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ಆದರೆ ರೂಟರಿನ ಅಡಾಪ್ಟರ್ ಮೂಲಕ ಬಂದು ತಾಮ್ರದ ಲ್ಯಾನ್ ಕೇಬಲ್ಲಿನಲ್ಲಿ ಮದರ್‌ಬೋರ್ಡಿಗೆ ನುಗ್ಗುತ್ತದೆ. ಅದಕ್ಕೇ ಡೆಸ್ಕ್‌ಟಾಪಿಗೂ ಯುಎಸ್‌ಬಿ ವೈಫೈ ಒಳ್ಳೆಯದು. ದಪ್ಪ ಮುರಕಲ್ಲಿನ ಗೋಡೆ ದಾಟಬೇಕಿದ್ದರೆ 5 ಗಿಗಾಹರ್ಟ್ಸ್‌ಗಿಂತ 2.4 ಗಿಗಾಹರ್ಟ್ಸ್ ವೈಫೈ ಚೆನ್ನಾಗಿ ಮುಟ್ಟುತ್ತದೆ.

ಕ್ಯಾಬಿನೆಟ್ ಮುಟ್ಟಿದಾಗ ಚುಳ್ಳೆಂದರೆ ಅದು ಹೆಚ್ಚಾಗಿ ಯಂತ್ರದ ದೋಷವಲ್ಲ, ಅರ್ಥಿಂಗ್ ಇಲ್ಲದ್ದರ ಗುರುತು. ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ಕರೆಂಟಿಗೆ ಭೂಮಿಗೆ ಇಳಿಯುವ ದಾರಿ ಸಿಗದೆ ಲೋಹದ ಮೈಮೇಲೆ ನಿಂತಿರುತ್ತದೆ. ಇಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನೋಡಿದರೆ ಫೇಸಿಗೂ ಅರ್ಥಿಗೂ 230ರ ಹತ್ತಿರ, ನ್ಯೂಟ್ರಲ್ಲಿಗೂ ಅರ್ಥಿಗೂ ಎರಡು-ಮೂರು ವೋಲ್ಟಿನೊಳಗೆ ಇರಬೇಕು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಸಿಡಿಲಿನ ಕಾಲವೂ ಅದೇ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡಪಾನ ನೀರು ಹಾಕಿ.

ಕೊನೆಗೆ ಉಳಿಯುವುದು ಕಿತ್ತಿಟ್ಟ ಹಳೆ ಹಾರ್ಡ್ ಡಿಸ್ಕ್. 2.5 ಇಂಚಿನದ್ದಾದರೆ ಒಂದು ಯುಎಸ್‌ಬಿ ಕೇಸಿಂಗಿಗೆ ಹಾಕಿದರೆ ಮನೆಯ ಫೋಟೊಗಳ ಎರಡನೇ ಪ್ರತಿ ಇಡಲು ಆಗುತ್ತದೆ. 3.5 ಇಂಚಿನದ್ದಕ್ಕೆ 12 ವೋಲ್ಟಿನ ಅಡಾಪ್ಟರ್ ಇರುವ ಕೇಸಿಂಗೇ ಬೇಕು. ಹಿಂದಿನ ಯಜಮಾನರ ಕಡತಗಳು ಅದರಲ್ಲಿ ಉಳಿದಿದ್ದರೆ ತೆರೆದು ನೋಡದೆ ‘ಡಿಸ್ಕ್ಸ್’ನಲ್ಲಿ ಸೊನ್ನೆ ತುಂಬಿಸಿ ಫಾರ್ಮ್ಯಾಟ್ ಮಾಡಿ, 500 ಜಿಬಿಗೆ ಒಂದೆರಡು ಗಂಟೆ ಹಿಡಿಯುತ್ತದೆ. ಪೆಂಡಿಂಗ್ ಸೆಕ್ಟರ್ ಕಂಡಿದ್ದ ಡಿಸ್ಕನ್ನು ಮಾತ್ರ ಬ್ಯಾಕಪ್‌ಗೆ ಇಡಬೇಡಿ.